ಔರಾದದ ಬೀಗರು, ಅಣ್ಣನ ಫಟಫಟಿ

ಹಳೇ ಫಟಫಟಿ ಒಂದು ಮನಿಯಾಗಿದ್ರ ನಗೋದಕ್ಕ ಬ್ಯಾರೆ ನಾಟಕ ನೋಡೋದು ಬೇಕಾಗಂಗಿಲ್ಲರಿ. ದಿನಾ ಏನರೆ ಒಂದು ಆಗ್ತಾ ಇರ್ತದ. ಕಟ್ಟಿ ಮ್ಯಾಲ ಕೂತು ಹೇಳಿದ್ರ ಮಂದಿ ಹೊಟ್ಟಿ ಹಿಡ್ಕೊಂಡು ನಗ್ತಾರ, ನಾನೂ ನಗ್ತೇನಿ. ಆಮ್ಯಾಲ ಅಣ್ಣ ನೆನಪಾಗ್ತಾನ. ಅಂವ ಈಗಿಲ್ಲ.

ನಿಜಾಮರ ಕಾಲದ ಮಾತು. ನಮ್ಮ ಮನಿ ಬೀದರದ ಚಿದ್ರಿಯೊಳಗ, ಧಂದೆ ಅರಬಿ ಅಂಗಡಿ, ಧೋತರ ಸೀರಿ ಮಾರೋದು. ಸಡಕಿನ ಕೆಲಸಕ್ಕ ಬಂದಿದ್ದ ಒಬ್ಬ ಗೋರಾ ಸಾಹೇಬ ಊರು ಬಿಟ್ಟು ಹೋಗುವಾಗ ತನ್ನ ಹಳೇ ಫಟಫಟಿ, ಅಂದ್ರ ಮೋಟರ್ ಸೈಕಲ್, ಅಣ್ಣಗ ಮಾರಿ ಹೋದ. ಅಣ್ಣ ಸವಾರ, ನಾ ಮಿಸ್ತ್ರಿ. ಕಲಿಸಿದವರು ಯಾರೂ ಇಲ್ಲ. ಹೊಗಿ ಕರ್ರಗ ಬಂದ್ರ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಇವೆರಡನ್ನೂ ಕಲಸೋ ಕಾರ್ಬೊರೇಟರ್ ಫಟ್ ಅಂತ ಸೀನಿದ್ರ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಇಷ್ಟೇ ನನ್ನ ವಿದ್ಯಾ. ಎರಡೂ ಸಮ ಆದ್ರ ಗಾಡಿ ಓಡ್ತದ. ನಮ್ಮದು ಸಮ ಆಗೋದು ಅಪರೂಪ.

ಅಣ್ಣಗ ಒಬ್ಬಾಕಿನೇ ಮಗಳು. ತಾಯಿಲ್ಲದ ಕೂಸು, ತಾನೇ ಜಡಿ ಹಾಕಿ ದೊಡ್ಡಾಕಿ ಮಾಡಿದ. ಔರಾದಕ್ಕ ಕೊಟ್ಟ. ಲಗ್ನದ ಊಟದಾಗ ತುಪ್ಪ ಬಡಸಾಂವ ಪಂಕ್ತಿಯ ಆ ತುದಿಯಿಂದ ಶುರು ಮಾಡಿಬಿಟ್ಟ. ಈ ತುದಿಯಾಗ ಕೂತಿದ್ದ ಬೀಗರಿಗಿ ತುಪ್ಪ ಬರೋದು ಎಲ್ಲರಿಗಿಂತ ಕಡೀಗಾಯ್ತು. ಬೀಗರು ಎಲಿ ಬಿಟ್ಟು ಎದ್ರು. ಅವತ್ತಿನಿಂದ ಮಾತಿಲ್ಲ, ಕರಿಯೋದಿಲ್ಲ, ಹಬ್ಬಕ್ಕ ಹುಡುಗಿನ್ನ ತೌರಿಗಿ ಕಳಸೋದೂ ಇಲ್ಲ. ಕರೀದ ಬೀಗರ ಮನಿಗಿ ಹೋದ್ರ ನಮ್ಮ ಕಡಿ ಮಾನ ಹೋಗ್ತದ, ಮಗಳಿಗೂ ಮಾತು ಬರ್ತದ. ಅಷ್ಟರಾಗ ಅಣ್ಣಗ ಕೆಮ್ಮು, ಎದಿ ಬ್ಯಾನಿ ಗಂಟುಬಿತ್ತು. ಹಕೀಮರು ನಾಡಿ ನೋಡಿ, ಇನ್ನ ಭಾಳ ದಿನ ಇಲ್ಲ ಅಂದ್ರು. ಅಣ್ಣ ನನಗ ಅಂದ, "ಸಾಯೋದರೊಳಗ ಒಮ್ಮಿ ಆಕಿ ಕೈಲಿಂದ ರೊಟ್ಟಿ ತಿನ್ನಬೇಕು ನೋಡೋ ತಮ್ಮಾ."

೧. ನೈವೇದ್ಯ

ಕರೀದಿದ್ರೂ ಹೋಗಬಹುದಾದ ದಿನ ವರ್ಷಕ್ಕ ಒಂದೇ, ದಸರಾದ ಬನ್ನಿ ಹಬ್ಬ. ಅವತ್ತು ವೈರಿ ಮನಿಗೂ ಹೋಗಿ ಬನ್ನಿ ಕೊಡಬಹುದು, ಯಾರೂ ಏನೂ ಅನ್ನಂಗಿಲ್ಲ. ಅಣ್ಣ ತಿಂಗಳ ಮೊದಲಿಂದ ಹೊಂಚಿ ಕೂತಿದ್ದ.

ಹಿಂದಿನ ದಿನ ಖಂಡಿ ಪೂಜಿ. ಅವ್ವ ತಕ್ಕಡಿ, ಗಜ, ಕತ್ತರಿ ಎಲ್ಲಾಕೂ ವಿಭೂತಿ ಹಚ್ಚಿ, ಫಟಫಟಿ ಮುಂದ ಬಂದು ನಿಂತಳು. "ಇದು ಉಸಿರು ಎಲ್ಲಿಂದ ತಗೊಳ್ತದಪ್ಪಾ?" ಅಂದಳು. ನಾ ಕಾರ್ಬೊರೇಟರ್ ತೋರಿಸಿ, "ಇಲ್ಲಿಂದ ನೋಡವ್ವಾ, ಇದರ ಜೀವ ಎಲ್ಲಾ ಇಲ್ಲೇ ಅದ" ಅಂದೆ. "ಶರಣಪ್ಪಾ" ಅಂತ ಕೈ ಮುಗಿದಳು.

ಮರುದಿನ ಅಣ್ಣ ಹೊಸ ಧೋತರ ಉಟ್ಟು, ಕಿಸೆದಾಗ ಬನ್ನಿ ಎಲಿ ಇಟ್ಟು ಗಾಡಿಗಿ ಒಂದು ಒದಿ ಒದ್ದ. ಕರ್ರನ ಹೊಗಿ, ಎರಡು ಕೆಮ್ಮು, ಬಂದ್. ನಾ ಪ್ಲಗ್ ಬಿಚ್ಚಿದೆ, ಮಸಿ ಹಿಡಿದು ತೊಯ್ದಿತ್ತು. ಒರಸಿ ಹಾಕಿದೆ, ಮತ್ತ ತೊಯ್ದಿತು. ಪೆಟ್ರೋಲ್ ಬರೋ ಜೆಟ್ ತಗದು ಊದಿದೆ, ಸ್ವಚ್ಛ ಇತ್ತು. ಹೊತ್ತು ಏರಿ ಇಳಿಲಿಕ್ಕತ್ತು. ಕಡೀಗಿ ಕಾರ್ಬೊರೇಟರನ್ನೇ ಕಳಚಿ ಗಾಳಿ ಹೋಗೋ ತೂತಿನಾಗ ಬೆರಳು ಹಾಕಿದ್ರ ಮೆತ್ತಗ ಏನೋ ಹತ್ತಿತು. ಎಳದೆ. ಹೋಳಿಗಿ, ತುಪ್ಪದ ಸಮೇತ.

"ನಿನ್ನಿ ಊರೆಲ್ಲಾ ಉಂಡದ, ಇವತ್ತ ದೂರ ಓಡೋದು ಅದು," ಅಂದಳು ಅವ್ವ. "ಉಪವಾಸ ಹ್ಯಾಂಗ ಇಡಲಿ?"

ತುಪ್ಪದ ಜಿಡ್ಡು ತೊಳದು ಮುಗಿಸೋದ್ರಾಗ ದೀಪ ಹಚ್ಚೋ ಹೊತ್ತಾಯ್ತು. ಅಣ್ಣನ ಕಿಸೆದಾಗ ಬನ್ನಿ ಬಾಡಿತ್ತು. ಅಂವ ಸಿಟ್ಟಾಗಲಿಲ್ಲ. ಅದೇ ನನಗ ಭಾಳ ಸಂಕಟ ಆಯ್ತು. ಬಾಡಿದ ಎಲಿ ಅವ್ವನ ಕೈಯಾಗ ಇಟ್ಟು ಅಂದ, "ತುಪ್ಪ ತಡಾ ಆಗಿ ಬೀಗರು ಕೆಟ್ರು. ತುಪ್ಪ ಮೊದಲೇ ಸಿಕ್ಕು ಫಟಫಟಿ ಕೆಡ್ತು. ನನ್ನ ಹಣೀಬರಹದಾಗ ತುಪ್ಪ ಬರದಿಲ್ಲವಾ."

೨. ಗಾಡಿಯ ಮಾನ

ಇನ್ನೊಂದು ಬನ್ನಿ ತನಕ ತಾ ಇರ್ತೇನೋ ಇಲ್ಲೋ ಅನ್ನೋ ಚಿಂತಿ ಅಣ್ಣಗ ಹತ್ತಿತು. ಒಂದು ದಿನ ಅಂದ, "ಬಾಗಿಲ ಮುಂದ ಗಾಡಿ ಕೆಟ್ಟು ನಿಂತವರನ್ನ ಒಳಗ ಕರೀಲಾರದ ಮಂದಿ ನಮ್ಮ ಸೀಮ್ಯಾಗ ಇದ್ದಾರೇನು? ವೈರಿನೂ ಕರೀತಾನ. ಭಾಲ್ಕಿ ಸಂತಿಗಿ ಹೋಗುವಾಗ ಹೆಜ್ಜಿಗೊಮ್ಮಿ ಬಂದ್ ಬೀಳೋ ಗಾಡಿ, ಔರಾದದಾಗ ಬೀಳಂಗಿಲ್ಲೇನು? ನಾನಾಗಿ ನಿಲ್ಲಿಸಂಗಿಲ್ಲ, ಸುಳ್ಳಾಗ್ತದ. ತಾನೇ ನಿಲ್ಲಲಿ."

ಹೊಂಟೆವು. ಅವತ್ತು ಆ ಗಾಡಿ ಓಡಿದ್ದು ಏನು ಕೇಳ್ತೀರಿ. ಹೊಗಿ ಇಲ್ಲ, ಕೆಮ್ಮು ಇಲ್ಲ. ಜನವಾಡ ದಾಟಿತು, ಏರು ಹತ್ತಿತು, ಔರಾದ ಹೊಕ್ಕಿತು. ಬೀಗರ ಮನಿ ಮುಂದ ಹುಡುಗಿ ಕೊಡ ಹೊತ್ತು ನಿಂತಿದ್ದಳು. "ಅಪ್ಪಾ" ಅಂದಳು. ಅಣ್ಣ ಗಾಡಿ ಕಡಿ ನೋಡಿದ, ಗಾಡಿ ಸುಮ್ಮನ ಓಡಿತು. ಊರ ಅಗಸಿ ಬಾಗಿಲ ತನಕ ಹೋಗಿ ಹೊಳ್ಳಿ ಬಂದೆವು. ಆಕಿ ಇನ್ನೂ ಅಲ್ಲೇ ನಿಂತಿದ್ದಳು. ಗಾಡಿ ಮತ್ತ ಓಡಿತು. ಬೀಗರು ಪಡಸಾಲಿಯಾಗ ಎಲಿ ಅಡಕಿ ಹಾಕ್ಕೋತ, ಇವರಿಗೇನು ದೆವ್ವ ಬಡಿದದ ಅನ್ನೋಹಂಗ ನೋಡಿದ್ರು.

ಬರುವಾಗ ಜನವಾಡದಾಗ, ಗುರ್ತಿಲ್ಲದ ಯಾರದೋ ಮನಿ ಮುಂದ ಫಟ್ ಅಂತ ಬಂದ್ ಬಿತ್ತು. ಪಾಪ, ಆ ಮಂದಿ ಒಳಗ ಕರದು ಮಜ್ಜಿಗಿ ಕೊಟ್ರು. "ಎಲ್ಲಿಗಿ ಹೋಗಿದ್ರಿ?" ಅಂದ್ರು.

"ಮಗಳ ಊರಿಗಿರಿ."

"ಛಲೋ ಆಯ್ತು. ಮಾತಾಡಿಸಿ ಬಂದ್ರೇನು?"

ಅಣ್ಣ ಮಜ್ಜಿಗಿ ಕೆಳಗಿಟ್ಟ. "ನನಗ ಮಾನ ಇರಲಿಲ್ಲರಿ, ಹೋದೆ. ಗಾಡಿಗಿ ಇತ್ತು, ಕರೀದ ಮನಿ ಮುಂದ ನಿಲ್ಲಲಿಲ್ಲ" ಅಂದ. ಆ ಮಂದಿ ನಕ್ಕರು.

೩. ತಾಲೀಮು

"ಸುಳ್ಳಾದ್ರೂ ಆಗಲಿ, ಏನರೆ ಮಾಡು" ಅಂದ ಅಣ್ಣ.

ನಾ ಅಂದೆ, "ಟಾಕಿ ಕೆಳಗಿನ ತೋಟಿ, ಅಂದ್ರ ಪೆಟ್ರೋಲಿನ ನಳ, ಬಂದ್ ಮಾಡಿದ್ರ ಗಾಡಿ ಒಮ್ಮಿಲೇ ನಿಲ್ಲಂಗಿಲ್ಲ. ಕಾರ್ಬೊರೇಟರಿನ ಡಬ್ಬಿಯಾಗ ಉಳಿದಿದ್ದು ತೀರೋ ತನಕ ಓಡ್ತದ, ಆಮ್ಯಾಲ ಸೀನಿ ನಿಲ್ತದ. ಎಷ್ಟು ದೂರ ಅಂತ ತಿಳಕೊಂಡ್ರ ಆಯ್ತು."

ತಿಳಕೊಳ್ಳಾಕ ಚಿದ್ರಿಯೊಳಗ ತಾಲೀಮು ಶುರು ಆಯ್ತು. ಬಾವಿ ಹತ್ರ ತೋಟಿ ತಿರುವೋದು, ನಿಂತಲ್ಲಿ ಗುರ್ತು ಇಡೋದು. ದಿನಾ ಒಂದೇ ಜಾಗಾಕ್ಕ ಬಂದು ನಿಂತಿತು. ಲೆಕ್ಕ ಪಕ್ಕಾ ಆಯ್ತಂತ ನನಗ ಭಾಳ ಖುಷಿ. ಆ ಜಾಗಾ ಸಂಬಂಧ ಕೂಡಸೋ ಮುದುಕಿ ಬಾಗಿಲು ಅನ್ನೋದು ಮಾತ್ರ ಲಕ್ಷ್ಯಕ್ಕ ಬರಲಿಲ್ಲ.

ಮುದುಕಿ ಕೆಲವು ದಿನ ನೋಡಿದಳು. ಆಮ್ಯಾಲ ಸೆರಗು ಸರಿ ಮಾಡ್ಕೊಂಡು ಹೊರಗ ಬಂದಳು. "ದಿನಾ ಹೊಸ ಧೋತರ ಉಟ್ಟು ಬಂದು ನಿಲ್ತೀರಿ, ಬಾಯಿ ಬಿಡವಲ್ರಿ. ಹೆಂಡ್ತಿ ಸತ್ತ ಗಂಡಸಿಗಿ ನಾಚಿಕಿ ಯಾಕ್ರಿ? ಸಾಯಗಾಂವ ಊರಾಗ ಒಂದು ಹೆಣ್ಣು ನೋಡಿಟ್ಟೀನಿ. ನಿಮ್ಮ ಕೆಮ್ಮೂ ಹೇಳೀನಿ, ನಡೀತದ ಅಂದಾರ."

ನಾ ನಕ್ಕು ನಕ್ಕು ಗಾಡಿ ಮ್ಯಾಲಿಂದ ಬಿದ್ದೆ. ಅಣ್ಣನೂ ನಕ್ಕ, ನಗುವಾಗ ಕೆಮ್ಮು ಬಂತು, ಕೆಮ್ಮುವಾಗ ಕಣ್ಣಾಗ ನೀರು ಬಂತು. "ನೋಡೋ ಶಾಸ್ತ್ರಕ್ಕ ಔರಾದಕ್ಕ ಹೊಂಟೀವಬೇ" ಅಂದ. "ಹೆಣ್ಣು ಮಾತ್ರ ನನ್ನ ಮಗಳು."

೪. ಚರಿಗಿ ನೀರು

ಔರಾದದಾಗ ತೋಟಿ ನಾನೇ ತಿರುವಿದೆ. ಗಾಡಿ ಕೆಮ್ಮಿತು, ಸೀನಿತು, ಬೀಗರ ಬಾಗಿಲಿಗಿ ಸರಿಯಾಗಿ ನಿಂತಿತು. ಅಣ್ಣ ಇಳಿದು, ಗಾಡಿ ನೋಡಿ "ಛೇ ಛೇ" ಅಂದ. ಅಂಥಾ ಕೆಟ್ಟ ನಾಟಕ ನಾ ನೋಡಿಲ್ಲ.

ಬೀಗರು ಕೆಳಗ ಇಳಿದು ಬಂದ್ರು. ಅಣ್ಣನ ಮಾರಿ ನೋಡಲಿಲ್ಲ. ಬಗ್ಗಿ ಗಾಡಿ ನೋಡಿದ್ರು. "ತೋಟಿ ಬಂದ್ ಆಗ್ಯದ" ಅಂತ ತಿರುವಿದ್ರು, ನಾಕು ಒದಿ ಒದ್ರು. ಚಾಲೂ ಆಯ್ತು. "ಹೋಗ್ರಿನ್ನ, ಏನೂ ಕೆಟ್ಟಿಲ್ಲ" ಅಂದ್ರು.

ಅಣ್ಣ ಸಾವಕಾಶ ಗಾಡಿ ಹತ್ತಿ ಕೂತ. ಅವನ ಮಾರಿ ಹ್ಯಾಂಗ ಆಗಿತ್ತು ಅಂತ ನಾ ಹೇಳಲಾರೆ.

ಆಗ ಹುಡುಗಿ ಒಳಗಿಂದ ಚರಿಗಿ ನೀರು ತಂದಳು. ಅಪ್ಪಗ ಕೊಡ್ತಾಳ ಅಂದ್ಕೊಂಡೆ. ಆಕಿ ಗಾಡಿ ಬಂದ್ ಮಾಡಿ, ಟಾಕಿ ಮುಚ್ಚಳ ತಗದು, ಆ ಚರಿಗಿ ನೀರೆಲ್ಲಾ ಒಳಗ ಸುರಿದಳು.

"ಹುಚ್ಚಿ ಇದ್ದೀ ಏನವಾ?" ಅಂದ್ರು ಬೀಗರು.

"ನನಗೇನು ತಿಳೀತದ್ರಿ ಮಾವಾ. ದೂರದಿಂದ ಬಂದವರಿಗಿ ಮೊದಲು ನೀರು ಕೊಡಬೇಕಂತ ನೀವೇ ಹೇಳೀರಿ."

ಏನು ತಿಳೀತದಂತ. ಸಣ್ಣಾಕಿದ್ದಾಗ ನನ್ನ ಬಾಜೂಕ ಕೂತು ಜೆಟ್ ತೊಳೀತಿದ್ದ ಹುಡುಗಿ. ಪೆಟ್ರೋಲಿನಾಗ ಒಂದು ಹನಿ ನೀರಿದ್ರೂ ಗಾಡಿ ಏಳಂಗಿಲ್ಲಂತ ನನಗ ನೆನಪು ಮಾಡ್ತಿದ್ದಾಕಿ.

"ಟಾಕಿ ಖಾಲಿ ಮಾಡಿ ಒಣಗಿಸಬೇಕ್ರಿ," ಅಂದೆ ನಾ. "ಹೊಸಾ ಪೆಟ್ರೋಲ್ ಬೀದರದಿಂದ ಬಂಡಿ ಮ್ಯಾಲ ಬರಬೇಕು."

ಬೀಗರು ಸೊಸಿ ಮಾರಿ ನೋಡಿದ್ರು, ನನ್ನ ಮಾರಿ ನೋಡಿದ್ರು, ಕಡೀಗಿ ಅಣ್ಣನ ಮಾರಿ ನೋಡಿದ್ರು. ಎಷ್ಟು ಸೊರಗ್ಯಾನಂತ ಆಗ ಕಂಡಿರಬೇಕು. "ಒಳಗ ಬರ್ರಿ ಬೀಗರ" ಅಂದ್ರು. "ಒಣಗೋ ತನಕ ಇರ್ರಿ."

ಇದ್ದೆವು. ಆಕಿ ರೊಟ್ಟಿ ಬಡಿದಳು, ಅಣ್ಣ ಒಲಿ ಮುಂದೇ ಕೂತು ಉಂಡ. ಬೀಗರು ದಿನಾ ಮುಂಜಾನಿ ಬಂದು, "ಒಣಗಿತೇನ್ರಿ?" ಅಂತ ಕೇಳೋರು. "ಇನ್ನೂ ತೇವ ಅದರಿ" ಅನ್ನಾಂವ ನಾನು. "ಇರಲಿ, ಗಡಿಬಿಡಿ ಮಾಡಬ್ಯಾಡ್ರಿ" ಅನ್ನೋರು. ಪೆಟ್ರೋಲಿನ ಬಂಡಿ ಬಂದ ಮ್ಯಾಲೂ ಹಂಗೇ ಕೇಳಿದ್ರು, ನಾ ಹಂಗೇ ಹೇಳಿದೆ.

ಅಣ್ಣ ಆಮ್ಯಾಲ ಮತ್ತ ಔರಾದ ನೋಡಲಿಲ್ಲ. ಮುಂದಿನ ಬನ್ನಿಗಿ ಅಂವ ಇರಲಿಲ್ಲ.

ಔರಾದದಿಂದ ಹೊರಡೋ ದಿನ ಹುಡುಗಿ ಹೊಸ್ತಿಲದಾಗ ನಿಂತಿದ್ದಳು. ಅಣ್ಣ ಗಾಡಿ ಮ್ಯಾಲ ಕೂತು, ತಡಾ ಆಗಲಿ ಅಂತ ಕೂಸು ಒದ್ದಂಗ ಮೆತ್ತಗ ಒಂದು ಒದಿ ಒದ್ದ. ಜನ್ಮದಾಗ ಒಮ್ಮಿಯೂ ಒಂದೇ ಒದಿಗಿ ಏಳದ ಆ ಸುಡುಗಾಡು ಗಾಡಿ ಅವತ್ತು ಗಡಗಡ ಅಂತ ಚಾಲೂ ಆಯ್ತು. ಬೀಗರು ನಕ್ಕುಬಿಟ್ಟರು, ನಾನೂ ನಕ್ಕೆ. ಅಣ್ಣ ಹ್ಯಾಂಡಲ್ ಮ್ಯಾಲ ತಲಿ ಇಟ್ಟು ಅತ್ತ.