ಮುಂದಿನ ಸೀಟಿನ ರೋಗಿ

ಬೊಹುಮಿಲ್‌ಗೆ ಸಿಕ್ಕಿದ್ದು ಬಸ್ಸಿನ ಕಟ್ಟಕಡೆಯ ಸಾಲು. ಚೆಕ್ ದೇಶದ ಬರ್ನೋ ಊರಿನ ಶಾಲೆಯಲ್ಲಿ ಮೂವತ್ತೈದು ವರ್ಷ ಭೂಗೋಳ ಕಲಿಸಿ, ಕರಿಹಲಗೆಯ ಮೇಲೆ ಆಲ್ಪ್ಸ್ ಪರ್ವತವನ್ನು ಸಾವಿರ ಸಲ ಬರೆದು ಅಳಿಸಿದ ಮಹಾನುಭಾವ ಅವನು. ಅದೇ ಆಲ್ಪ್ಸ್ ದಾಟಿ ಇಟಲಿಯ ಕಡಲತೀರಕ್ಕೆ ಹೊರಟ ದಿನ ಅವನ ಕಣ್ಣೆದುರು ಇದ್ದದ್ದು ಮುಂದಿನ ಸೀಟಿನವರ ಬೋಳುತಲೆ. (ಅದಕ್ಕೂ ಒಂದು ಶಿಖರವಿತ್ತು, ನಿಜ. ಆದರೆ ಅದನ್ನು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ.)

"ಹಿರಿಯರನ್ನ ಎಲ್ಲಿ ಕೂರಿಸ್ಬೇಕು ಅನ್ನೋ ಜ್ಞಾನವೇ ಇಲ್ಲ ಇವರಿಗೆ," ಎಂದು ಗೊಣಗಿದ.

"ಮಾರ್ಚ್‌ನಲ್ಲೇ ಸೀಟು ಹಿಡೀರಿ ಅಂದಿದ್ರು. ಜೂನ್‌ವರೆಗೂ ಯೋಚನೆ ಮಾಡ್ತಾ ಕೂತವನು ನೀನು," ಎಂದಳು ಹೆಂಡತಿ ಲಿಬುಶೆ. ಅವಳ ತೊಡೆಯ ಮೇಲೆ ಡಬ್ಬಿ, ಡಬ್ಬಿಯೊಳಗೆ ಬ್ರೆಡ್ಡಿನ ನಡುವೆ ಬೆಚ್ಚಗೆ ಮಲಗಿದ್ದ ರೀಜೆಕ್, ಅಂದರೆ ಹಿಂದಿನ ದಿನ ಕರಿದ ಹಂದಿಮಾಂಸದ ಅಗಲ ತುಂಡುಗಳು. ರೀಜೆಕ್ ಇಲ್ಲದೆ ಚೆಕ್ ಬಸ್ಸೊಂದು ಗಡಿ ದಾಟಿದ್ದನ್ನು ಇದುವರೆಗೆ ಯಾರೂ ಕಂಡಿಲ್ಲ.

ವಿಯೆನ್ನಾ ದಾಟಿ ಬಸ್ಸು ನಿಂತಾಗ ಬೊಹುಮಿಲ್ ಒಂದು ಸತ್ಯ ಪತ್ತೆಹಚ್ಚಿದ. ಮೊದಲ ಸಾಲಿನ ಕಿಟಕಿ ಪಕ್ಕದಲ್ಲಿ ಕೂತಿದ್ದದ್ದು ಮನುಷ್ಯರಲ್ಲ, ಒಂದು ಕೈಚೀಲ! ಹೊಟ್ಟೆ ಹಿಡಿದುಕೊಂಡು ನೇರ ಗೈಡ್ ಶಾರ್ಕಾಳ ಬಳಿ ಹೋದ.

"ಹಿಂದೆ ಕೂತ್ರೆ ಹೊಟ್ಟೆ ತೊಳೆಸುತ್ತಮ್ಮಾ. ಮುಂದೆ ಒಂಚೂರು ಜಾಗ..."

"ನಲವತ್ತು ವರ್ಷ ಟ್ರಾಮಲ್ಲಿ ತೊಳೆಸದ ಹೊಟ್ಟೆ!" ಎಂದು ಲಿಬುಶೆ ಹಿಂದಿನಿಂದ ಕೂಗಿದಳು. ಅಷ್ಟರಲ್ಲಿ ಕೈಚೀಲದ ಒಡತಿ ಅವನ ನಾಡಿ ಹಿಡಿದಾಗಿತ್ತು. ಹೆಸರು ದ್ರಾಹೊಮೀರಾ, ನಿವೃತ್ತ ನರ್ಸ್, ಮೈಕಟ್ಟು ಬೀರುವಿನದು.

"ನಾಲಿಗೆ ಚಾಚಿ ಯಜಮಾನ್ರೇ. ಹೂಂ, ನೋಡಿದ್ರೇ ಗೊತ್ತಾಗುತ್ತೆ. ಕೂತ್ಕೊಳ್ಳಿ, ನಾನಿದ್ದೀನಿ."

ಸಿಂಹಾಸನ ಸಿಕ್ಕಿತು! ಮುಂದೆ ಇಡೀ ಗಾಜು, ಗಾಜಿನಾಚೆ ಇಡೀ ಯುರೋಪು. ಗ್ರಾಟ್ಸ್ ಊರು ದಾಟುವವರೆಗೂ ಬೊಹುಮಿಲ್ ಚಕ್ರವರ್ತಿಯಂತೆ ಕೂತಿದ್ದ. ಆಗ ಹಿಂದಿನಿಂದ ರೀಜೆಕ್ ಪರಿಮಳ ತೇಲಿಬಂತು. ಎದ್ದವನನ್ನು ನರ್ಸಮ್ಮ ಭುಜ ಅದುಮಿ ಕೂರಿಸಿದಳು.

"ಕರಿದದ್ದಾ? ಈ ಹೊಟ್ಟೇಲಾ?" ಎಂದು ಕೈಗೆ ಒಂದು ಒಣ ರಸ್ಕ್ ಕೊಟ್ಟಳು.

"ಲಿಬುಷ್ಕಾ, ನನ್ನ ಪಾಲು ಎತ್ತಿಡೇ!" ಎಂದು ಬೊಹುಮಿಲ್ ಹೆಂಡತಿಯನ್ನು ಮುದ್ದುಹೆಸರಿನಿಂದ ಕೂಗಿದ.

"ರೋಗಿಗೆ ಆಗಲ್ಲ ಅಂತ ಇವರಿಗೆ ಕೊಟ್ಬಿಟ್ಟೆ!"

"ಅದ್ಭುತವಾಗಿದೆ ಯಜಮಾನ್ರೇ!" ಎಂದಿತು ಬೋಳುತಲೆ, ಬಾಯಿತುಂಬ ಅಗಿಯುತ್ತ.

ಹೋಗಲಿ, ಬಂದದ್ದು ಬೆಟ್ಟ ನೋಡಲು ತಾನೇ? ಇಟಲಿ ಗಡಿಗೆ ಸಮೀಪದ ಫಿಲ್ಲಾಖ್ ಊರು ಹತ್ತಿರ ಬರುತ್ತಿದ್ದಂತೆ ಎದುರಿಗೆ ಬೂದುಬಣ್ಣದ ಬಂಡೆಗೋಡೆ ಒಮ್ಮೆಲೇ ಎದ್ದು ನಿಂತಿತು. ತಾನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಗೆರೆಯೇ ಅದು! ಬೊಹುಮಿಲ್‌ನ ಕಣ್ಣು ತುಂಬಿತು. "ಅಯ್ಯೋ... ಅಯ್ಯಯ್ಯೋ!" ಎಂದು ಬಾಯಿ ತೆರೆದ.

"ಬಂತು, ಬಂತು!" ಎಂದು ನರ್ಸಮ್ಮ ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು, ಇನ್ನೊಂದು ಕೈಯಿಂದ ತೆರೆದ ಬಾಯಿಗೆ ಮಾತ್ರೆ ಹಾಕಿ, ನೀರು ಹೊಯ್ದಳು. ಅದು ಆನಂದದ ಉದ್ಗಾರ ಎಂದರೆ ಕಾಯಿಲೆ ಸುಳ್ಳಾಗುತ್ತದೆ. ಬೊಹುಮಿಲ್ ನುಂಗಿದ. ಹತ್ತು ನಿಮಿಷದಲ್ಲಿ ಪರ್ವತಗಳು ಎರಡೆರಡಾದವು, ಆಮೇಲೆ ಒಂದೂ ಇಲ್ಲವಾಯಿತು.

ಕಣ್ಣು ಬಿಟ್ಟಾಗ ಸುತ್ತ ಜೋಳದ ಹೊಲ. ಇಟಲಿ ದೋಸೆಕಲ್ಲಿನಂತೆ ಚಪ್ಪಟೆಯಾಗಿ ಹರಡಿಕೊಂಡಿತ್ತು. ಬಸ್ಸಿನ ತುಂಬ ಚಪ್ಪಾಳೆ. ನೋಡಿದರೆ ಶಾರ್ಕಾಳ ಮೈಕು ಲಿಬುಶೆಯ ಕೈಯಲ್ಲಿ!

"ಆ ಬೆಟ್ಟದ ಹೆಸರೇನು ಅಂತ ಇವರು ಕೇಳಿದ್ರು, ಹೇಳಿದೆ," ಎಂದಳು ಬೋಳುತಲೆಯತ್ತ ತೋರಿಸಿ. "ಒಂದು ಹೇಳಿದ್ಮೇಲೆ ಎಲ್ಲಾ ಹೇಳು ಅಂದ್ರು. ಮೂವತ್ತೈದು ವರ್ಷ ಊಟದ ಜೊತೆ ಇದನ್ನೇ ಕೇಳಿದ್ದೀನಲ್ಲಪ್ಪ."

"ಮಾಂಗಾರ್ಟ್?" ಎಂದ ಬೊಹುಮಿಲ್ ಕ್ಷೀಣ ಸ್ವರದಲ್ಲಿ. "ಮಾಂಗಾರ್ಟ್ ಶಿಖರ ಕಾಣಿಸ್ತಾ?"

"ಗಡಿ ಹತ್ರ ಅರ್ಧ ಗಂಟೆ ಬಸ್ಸು ನಿಂತೇ ಇತ್ತು. ಎಲ್ರೂ ಮುಂದೆ ಬಂದು ಫೋಟೋ ತೆಗೆದ್ರು. ಇಲ್ನೋಡು."

ಫೋಟೋದಲ್ಲಿ ಮೇಲೆ ಹಿಮ ಹೊತ್ತ ಮಾಂಗಾರ್ಟ್, ಕೆಳಗೆ ಗುಹೆಯಂತೆ ಬಾಯಿ ತೆರೆದ ಬೊಹುಮಿಲ್. ನಲವತ್ತನಾಲ್ಕು ಮಂದಿಯ ಫೋನಿನಲ್ಲೂ ಹಾಗೆಯೇ.

"ಒಂದು ಸಲಾನೂ ವಾಂತಿ ಆಗ್ಲಿಲ್ಲ!" ಎಂದು ನರ್ಸಮ್ಮ ಬೀಗಿದಳು.

ಬೋಳುತಲೆಯವರು ಬಂದು ಕರುಣೆಯಿಂದ ಅವನ ಬೆನ್ನು ತಟ್ಟಿದರು. "ಮನೇಲಿ ಇಷ್ಟು ತಿಳಿದೋರು ಇರೋವಾಗ ನೀವೂ ಒಂಚೂರು ಭೂಗೋಳ ಕಲೀಬಾರ್ದಿತ್ತಾ ಯಜಮಾನ್ರೇ?"

ಮೂವತ್ತೈದು ವರ್ಷದ ಸೇವೆ ಗಂಟಲವರೆಗೂ ಬಂತು. ಆದರೆ ಬಾಯಿಬಿಟ್ಟರೆ ಆ 'ಅಯ್ಯಯ್ಯೋ' ಬೆಟ್ಟ ಕಂಡ ಖುಷಿಯದು ಎಂಬುದೂ ಹೊರಬೀಳುತ್ತಿತ್ತು, ಪಕ್ಕದಲ್ಲಿ ನರ್ಸಮ್ಮ ಇದ್ದಳು.

"ಕಲೀಬೇಕು ಸ್ವಾಮಿ," ಎಂದ.

"ಈಗ ಎಲ್ರೂ ಎಡಗಡೆ ನೋಡಿ," ಎಂದಿತು ಮೈಕಿನಿಂದ ಲಿಬುಶೆಯ ಧ್ವನಿ, "ಅದು ಏಡ್ರಿಯಾಟಿಕ್ ಸಮುದ್ರ."

ಬಸ್ಸಿನವರೆಲ್ಲರ ಜೊತೆ ಬೊಹುಮಿಲನೂ ತೆಪ್ಪಗೆ ಎಡಕ್ಕೆ ಕತ್ತು ತಿರುಗಿಸಿದ.