ಹೇಳದೆ ಬರುವ ಅತ್ತೆ, ಹೇಳದೆ ಬರುವ ಊರು

ನನ್ನ ಸೋದರತ್ತೆಯಷ್ಟು ಅಪಾಯಕಾರಿ ಹೆಂಗಸು ಇಡೀ ನ್ಯೂಜೆರ್ಸಿಯಲ್ಲಿ ಇನ್ನೊಬ್ಬರಿಲ್ಲ. ಯಾಕೆಂದರೆ ಅವರು ಫೋನ್ ಮಾಡದೆ ಮನೆಗೆ ಬರುತ್ತಾರೆ!

ಮೈಸೂರಿನಲ್ಲೋ ಮಂಡ್ಯದಲ್ಲೋ ಕೂತು ಇದನ್ನು ಓದುತ್ತಿರುವವರು ನಗಬಹುದು. ಇದರಲ್ಲಿ ಅಪಾಯವೇನು ಬಂತು ಎನ್ನಬಹುದು. ಸ್ವಾಮಿ, ನಮ್ಮ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗಬೇಕಾದರೆ ಮೊದಲು ಮೆಸೇಜು. ಆಮೇಲೆ ಎರಡೂ ಮನೆಯ ಮಕ್ಕಳ ಸಾಕರ್, ಭರತನಾಟ್ಯ, ಗಣಿತದ ಕ್ಲಾಸುಗಳ ಸಂದಿಯಲ್ಲಿ ಒಂದು ಶನಿವಾರದ ಹುಡುಕಾಟ. ಸಿಕ್ಕಿದ ಮೇಲೆ ಕ್ಯಾಲೆಂಡರ್ ಇನ್‌ವೈಟು. ಹೊರಡುವಾಗ ಒಂದು ಮೆಸೇಜು, ಬಾಗಿಲ ಮುಂದೆ ನಿಂತು ಇನ್ನೊಂದು. ಇಷ್ಟು ಶಿಷ್ಟಾಚಾರವಿರುವ ನಾಡಿನಲ್ಲಿ ನನ್ನ ಅಪ್ಪನ ತಂಗಿ, ಮ್ಯಾನ್‌ಹಟನ್ನಿನ ಆಸ್ಪತ್ರೆಯ ಲ್ಯಾಬಿನಲ್ಲಿ ಜೀವಮಾನವಿಡೀ ಜನರ ರಕ್ತ ಪರೀಕ್ಷೆ ಮಾಡಿ ನಿವೃತ್ತರಾದ ಮಹಾತಾಯಿ, "ಈ ಕಡೆ ಬಂದಿದ್ದೆ, ಹಾಗೇ ಬಂದೆ" ಎಂದು ಬಂದು ನಿಲ್ಲುತ್ತಾರೆ. ಯಾವ ಕಡೆ? ನಮ್ಮ ಮನೆ ಇರುವುದು ಮುಂದೆ ದಾರಿಯೇ ಇಲ್ಲದ ಬೀದಿಯ ಕೊನೆಯಲ್ಲಿ!

ನಾನಾದರೂ ರಕ್ತ ಸಂಬಂಧಿ, ಮುಖ ಸಿಂಡರಿಸಿಕೊಂಡಾದರೂ ಬಾಗಿಲು ತೆಗೆಯುತ್ತೇನೆ. ಊರಿನ ಮಿಕ್ಕ ಕನ್ನಡಿಗರು ಏನು ಪಾಪ ಮಾಡಿದ್ದರು? ನಮ್ಮ ಬೀದಿಯಲ್ಲೇ ಹಾಸನದ ಕಡೆಯ ದಂಪತಿ ಇದ್ದಾರೆ. ಒಂದು ಭಾನುವಾರ ಅತ್ತೆ ಅವರ ಮನೆ ಬೆಲ್ ಒತ್ತಿದರು. ಅವರು ಬೆಲ್ಲಿನ ಕ್ಯಾಮೆರಾದಲ್ಲಿ ಅತ್ತೆಯ ಮುಖ ನೋಡಿ ಉಸಿರು ಬಿಗಿ ಹಿಡಿದು ಸೋಫಾದ ಹಿಂದೆ ಕೂತರಂತೆ. ಅತ್ತೆ ಕ್ಯಾಮೆರಾಕ್ಕೆ ಮುಖವಿಟ್ಟು ನಿಧಾನವಾಗಿ ವರದಿ ಒಪ್ಪಿಸಿದರು. "ಕಾರಿದೆ. ಚಪ್ಪಲಿ ಇದೆ. ಇಂಗಿನ ಒಗ್ಗರಣೆ ವಾಸನೆ ಇದೆ. ನೀವು ಮಾತ್ರ ಇಲ್ಲ. ಪರ್ವಾಗಿಲ್ಲ, ಒಲೆ ಆರಿಸಿ, ಸೀದೋಗ್ತಿದೆ." ಆ ಗಂಡಸು ಸಂಜೆ ನನಗೆ ಫೋನ್ ಮಾಡಿ, "ನಿಮ್ಮ ಅತ್ತೆಗೆ ಸ್ವಲ್ಪ ಹೇಳಿ" ಎಂದ. ಏನು ಹೇಳಲಿ? ಸಾರು ಸೀದಿತ್ತೋ ಇಲ್ಲವೋ ಎಂದು ಕೇಳಿದೆ. ಸೀದಿತ್ತಂತೆ.

ಬೆಳಗ್ಗೆ ನಮ್ಮೂರಿನಿಂದ ಮ್ಯಾನ್‌ಹಟನ್ನಿಗೆ ಹೋಗುವ ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ಹಾಗಂತ ಬೋರ್ಡೇನೂ ಹಾಕಿಲ್ಲ. ಎಲ್ಲರೂ ಕಣ್ಣು ಮುಚ್ಚಿಕೊಂಡು ಕಮ್ಯೂಟ್ ಮಾಡುತ್ತೇವೆ, ಅದೇ ಪದ್ಧತಿ. ಕಣ್ಣಿನ ಡಾಕ್ಟರನ್ನು ನೋಡಲು ಅತ್ತೆ ಒಂದು ದಿನ ನನ್ನ ಜೊತೆ ಹೊರಟರು. ನನ್ನ ಪಕ್ಕ ಕೂರಲಿಲ್ಲ. "ನಿನ್ನ ಮುಖ ದಿನಾ ಇದ್ದಿದ್ದೇ" ಎಂದು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಬೋಳು ತಲೆಯ ಬಿಳಿಯನ ಪಕ್ಕ ಕೂತು, ಅವನು ಕಣ್ಣು ಬಿಡುತ್ತಲೇ ಕೈಗೆ ಚಕ್ಕುಲಿ ಇಟ್ಟರು. ಆ ನಿಶ್ಶಬ್ದದಲ್ಲಿ ಚಕ್ಕುಲಿ ಕಡಿಯುವ ಸದ್ದು ಹೇಗೆ ಕೇಳಿಸಿರಬಹುದು, ನೀವೇ ಊಹಿಸಿ. ನದಿಯಡಿಯ ಸುರಂಗ ದಾಟುವಷ್ಟರಲ್ಲಿ ಅವನ ಮಂಡಿ ಆಪರೇಷನ್ನು, ಮಗಳ ಡೈವೋರ್ಸು, ನಾಯಿಯ ಸಕ್ಕರೆ ಕಾಯಿಲೆ ಎಲ್ಲ ಹೊರಗೆ ಬಂದಿತ್ತು. ನಾನು ವರ್ಷಗಟ್ಟಲೆ ಅದೇ ಮನುಷ್ಯನ ಮುಂದೆ ಕೂತು ಹೋಗಿದ್ದೇನೆ, ಅವನ ಹೆಸರೂ ನನಗೆ ಗೊತ್ತಿರಲಿಲ್ಲ. ಈಗ ಅವನು ದಿನಾ ನನ್ನನ್ನು ತಟ್ಟಿ ಎಬ್ಬಿಸಿ "ಆಂಟಿ ಹೇಗಿದ್ದಾರೆ?" ಎಂದು ಕೇಳುತ್ತಾನೆ. ನನ್ನ ನಿದ್ದೆಗೆ ಯಾರು ಹೊಣೆ?

ಕೊನೆಗೆ ಅತ್ತೆ ತಮ್ಮ ಟೌನ್‌ಹೌಸುಗಳ ಸಾಲಿಗೆ ಹೊಸದಾಗಿ ಬಂದವರೊಬ್ಬರ ಮನೆಗೆ ಬಿಸಿಬೇಳೆ ಬಾತ್ ತೆಗೆದುಕೊಂಡು ಹೋಗಿ, ಅವರು ಹೆದರಿ ದೂರು ಕೊಟ್ಟು, ಆ ಸಾಲನ್ನು ನೋಡಿಕೊಳ್ಳುವ ಮ್ಯಾನೇಜರು ಬಂದು, ಇನ್ನು ಮೇಲೆ ಕರೆಯದೆ ಯಾರ ಬಾಗಿಲನ್ನೂ ತಟ್ಟಬಾರದು ಎಂದು ಹೇಳಿ ಹೋದ. ಅತ್ತೆ ಅವನಿಗೂ ಒಂದು ಡಬ್ಬಿ ಕಟ್ಟಿಕೊಟ್ಟರು. ನನಗೆ ಸಿಟ್ಟು ಬಂದಿದ್ದು ಅತ್ತೆಯ ಮೇಲೋ, ಆ ನೆರೆಯವರ ಮೇಲೋ, ಡಬ್ಬಿ ಈಸಿಕೊಂಡು ಹೋದ ಮ್ಯಾನೇಜರನ ಮೇಲೋ, ಇವತ್ತಿಗೂ ಬಗೆಹರಿದಿಲ್ಲ.

ಇದಾದ ಮುಂದಿನ ವಾರ ಅತ್ತೆ ನಮ್ಮ ಮನೆಗೆ ಬಂದರು. ಹೇಳದೆ, ಮತ್ತೆ ಹೇಗೆ? ಊಟಕ್ಕೆ ಕೂತು, "ನಾನು ನೆಬ್ರಾಸ್ಕಾಗೆ ಹೋಗ್ತಿದೀನಿ" ಎಂದರು.

"ಎಷ್ಟು ದಿನಕ್ಕೆ?" ಎಂದರು ನನ್ನ ಗಂಡ.

"ದಿನಕ್ಕಲ್ಲಪ್ಪ. ಪೂರ್ತಿ. ಮನೆ ಮಾರಿ ಹೋಗೋದೇ."

ನನ್ನ ಮಗ ಫೋನಿನಿಂದ ತಲೆಯೆತ್ತಿ, "ವೈ ನೆಬ್ರಾಸ್ಕಾ? ದೇರ್ ಈಸ್ ನಥಿಂಗ್ ದೇರ್" ಎಂದ. ಅವನು ಬಾಯಿಬಿಟ್ಟು ನನ್ನ ಪರವಾಗಿ ಮಾತಾಡಿದ್ದು ಅದೇ ಮೊದಲು.

ಅತ್ತೆಯ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡಿದ ಮಾರ್ಗರೆಟ್ ಎಂಬುವರು ನಿವೃತ್ತಿಯ ಮೇಲೆ ತಮ್ಮ ಹುಟ್ಟೂರಿಗೆ ಹಿಂತಿರುಗಿದ್ದರು. ಅಮೆರಿಕದ ನಟ್ಟನಡುವೆ, ಒಮಾಹಾ ನಗರದಿಂದ ಮುಕ್ಕಾಲು ಗಂಟೆ ದೂರದ ಬಯಲು ಸೀಮೆಯ ಪುಟ್ಟ ಊರು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ಹೊರಟುಬಿಡುತ್ತೀರಿ. ಮಾರ್ಗರೆಟ್ಟರ ಪಕ್ಕದ ಮನೆ ಮಾರಾಟಕ್ಕಿತ್ತು, ಅತ್ತೆ ಅದನ್ನು ನೋಡಲು ಹೊರಟಿದ್ದರು. ಅವರನ್ನು ತಡೆದು, ಬುದ್ಧಿ ಹೇಳಿ, ವಾಪಸು ಕರೆದುಕೊಂಡು ಬರುವ ಪಣ ತೊಟ್ಟು ನಾನೂ ರಜೆ ಹಾಕಿ ಹೊರಟೆ.

ಏರ್‌ಪೋರ್ಟಿನಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಡ್ರೈವ್ ಮಾಡುತ್ತಿದ್ದಂತೆ ನಗರ ಮುಗಿದು ಮುಸುಕಿನ ಜೋಳದ ಹೊಲ ಶುರುವಾಯಿತು. ಜೋಳ, ಆಕಾಶ, ಮತ್ತೆ ಜೋಳ. ಎದುರಿಗೆ ಬಂದ ಪ್ರತಿ ಗಾಡಿಯವನೂ ಸ್ಟೀರಿಂಗಿನಿಂದ ಎರಡು ಬೆರಳು ಎತ್ತಿ ನಮಗೆ ತೋರಿಸುತ್ತಿದ್ದ. ನಮ್ಮ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಬೆರಳು ತೋರಿಸಿದರೆ ಅದರ ಅರ್ಥವೇ ಬೇರೆ. ನಾನು ಏನು ತಪ್ಪು ಮಾಡಿದೆನೋ ಎಂದು ಕನ್ನಡಿ ನೋಡಿಕೊಂಡೆ. "ನಮಸ್ಕಾರ ಮಾಡ್ತಿದಾರೆ ಕಣೆ, ತಿರುಗಿ ಮಾಡು" ಎಂದರು ಅತ್ತೆ. ಅವರಾಗಲೇ ಎರಡೂ ಕೈ ಎತ್ತಿ ಬೀಸುತ್ತಿದ್ದರು. ಊರೊಳಗಿನ ನಾಲ್ಕು ದಾರಿ ಕೂಡುವಲ್ಲಿ ನಾಲ್ಕೂ ಕಡೆ ಕಾರು ನಿಂತು, ನೀವು ಮೊದಲು ನೀವು ಮೊದಲು ಎಂದು ಎಲ್ಲರೂ ಕೈ ತೋರಿಸಿ ಯಾರೂ ಕದಲದೆ ಕೂತಿದ್ದೆವು. ಕೊನೆಗೆ ನಾನು ನ್ಯೂಜೆರ್ಸಿಯವಳೆಂಬುದನ್ನು ನೆನಪು ಮಾಡಿಕೊಂಡು ನುಗ್ಗಿದೆ.

ಮಾರನೆಯ ಬೆಳಗ್ಗೆ ನೈಟಿಯಲ್ಲಿ, ಕೆದರಿದ ತಲೆಯಲ್ಲಿ, ನಾವು ಇಳಿದುಕೊಂಡಿದ್ದ ಮಾರ್ಗರೆಟ್ಟರ ಮನೆಯ ಅಡುಗೆಕೋಣೆಗೆ ಬಂದರೆ ಅಲ್ಲಿ ಅಪರಿಚಿತರು ಕೂತು ಕಾಫಿ ಕುಡಿಯುತ್ತಿದ್ದರು! ಹಿತ್ತಿಲ ಬಾಗಿಲಿನಿಂದ ಬಂದಿದ್ದರು. ಯಾರೂ ಕರೆದಿರಲಿಲ್ಲ. ಒಬ್ಬ ಹೆಂಗಸು ಕೇಕು ತಂದಿದ್ದಳು, ಒಬ್ಬ ಸುಮ್ಮನೆ ಬಂದಿದ್ದ. "ಈ ಕಡೆ ಬಂದಿದ್ದೆ, ಹಾಗೇ ಬಂದೆ" ಎಂದು ಅವನು ಇಂಗ್ಲಿಷಿನಲ್ಲಿ ಅತ್ತೆಯ ಮಾತನ್ನೇ ಹೇಳಿದ. ಅತ್ತೆ ಅವರ ನಡುವೆ ಕಾಲು ಮಡಿಸಿ ಕೂತು ಯಾರದೋ ಸೊಸೆಯ ಬಾಣಂತನದ ಬಗ್ಗೆ ಸಲಹೆ ಕೊಡುತ್ತಿದ್ದರು.

ತಪ್ಪಿಸಿಕೊಂಡು ಹೊರಗೆ ಬಂದೆ. ಅತ್ತೆ ಲಾಕ್ ಮಾಡದೆ ಬಿಟ್ಟಿದ್ದ ಕಾರಿನ ಸೀಟಿನ ಮೇಲೆ ಒಂದು ಚೀಲ ಕೂತಿತ್ತು. ಉಬ್ಬಿದ, ಬಾಯಿ ಕಟ್ಟಿದ, ವಾರಸುದಾರರಿಲ್ಲದ ಚೀಲ. ಅನಾಥ ಚೀಲ ಕಂಡರೆ ಮುಟ್ಟಬೇಡಿ, ತಿಳಿಸಿ ಎಂದು ಮ್ಯಾನ್‌ಹಟನ್ನಿನ ಸಬ್‌ವೇಯಲ್ಲಿ ಕೇಳಿ ಕೇಳಿ ನನ್ನ ರಕ್ತಕ್ಕೇ ಇಳಿದಿದೆ. ಹಿಂದೆ ಸರಿದು, ಎಲ್ಲರೂ ಒಳಗೇ ಇರಿ ಎಂದು ಕೂಗಿದೆ. ಕೂಗಿದ ತಕ್ಷಣ ಎಲ್ಲರೂ ಹೊರಗೆ ಬಂದರು. ಆ ಊರಿನವರ ಸ್ವಭಾವವೇ ಹಾಗೆ. ಎದುರು ಮನೆಯಿಂದ ಡ್ವೇನ್ ಎಂಬ ಭಾರಿ ಆಳು, ವಯಸ್ಸಾದ ರೈತ, ನಿಧಾನವಾಗಿ ರಸ್ತೆ ದಾಟಿ ಬಂದು ಚೀಲ ಬಿಚ್ಚಿದ.

"ಸೌತೆಕಾಯಿ. ನಾನೇ ಇಟ್ಟಿದ್ದು" ಎಂದ.

"ಯಾರನ್ನು ಕೇಳಿ ಇಟ್ಟಿರಿ?" ಎಂದೆ.

"ಕೇಳಿದ್ದರೆ ಬೇಡ ಅಂತಿದ್ದಿರಿ."

ಅತ್ತೆ ನನ್ನ ಮುಖ ನೋಡಿದರು. ನಾನು ನೋಡಲಿಲ್ಲ. ಮಧ್ಯಾಹ್ನ ಇಡೀ ಬೀದಿಗೆ ಕೋಸಂಬರಿ ಆಯಿತು.

ಸಂಜೆ ಚರ್ಚಿನ ಹಾಲಿನಲ್ಲಿ ಊರವರ ಊಟ. ಆ ಸೀಮೆಯಲ್ಲಿ ಖಾರದ ಹುರುಳಿಕಾಯಿ ಬೀಜದ ಸಾರಿನ ಜೊತೆ ದಾಲ್ಚಿನ್ನಿ ಹಾಕಿದ ಸಿಹಿ ಬನ್ನು ತಿನ್ನುತ್ತಾರೆ. ಇದೆಂಥ ಕರ್ಮ ಎಂದು ನಾನು ಮೂಗು ಮುರಿದರೆ, "ಹೋಳಿಗೆ ಜೊತೆ ಹೋಳಿಗೆ ಸಾರು ತಿನ್ನಲ್ವೇನೆ ನೀನು?" ಎಂದು ಅತ್ತೆ ಬನ್ನನ್ನು ಸಾರಿಗೆ ಅದ್ದಿದರು. ಸಾರಿಗೆ ಮಾಂಸ ಹಾಕುವುದು ವಾಡಿಕೆಯಂತೆ. ಅತ್ತೆ ತಿನ್ನುವುದಿಲ್ಲವೆಂದು ಮಾರ್ಗರೆಟ್ ಹೇಳಿದ್ದರಿಂದ ಬೇರೆ ಪಾತ್ರೆಯಲ್ಲಿ ಬೇರೆ ಸೌಟು ಇಟ್ಟು ಮಾಡಿದ್ದರು. ಬೇರೆ ಸೌಟು! ನನಗೆ ಮೈಯೆಲ್ಲ ಉರಿಯಿತು.

ಯಾಕೆ ಉರಿಯಿತು ಎಂದು ಕೇಳುತ್ತೀರಾ? ಹೇಳುತ್ತೇನೆ. ಅಲ್ಲಿ ಅತ್ತೆಯನ್ನು ಯಾರೂ ವಿಚಿತ್ರ ಎಂದುಕೊಳ್ಳಲೇ ಇಲ್ಲ. ಅವರು ಕಂಡವರ ಮನೆಗೆ ನುಗ್ಗಿದರು, ಕಂಡವರ ಮಂಡಿ ನೋವು ವಿಚಾರಿಸಿದರು, ಗುರುತಿಲ್ಲದ ಮಗುವಿನ ಮೂಗು ಒರೆಸಿದರು. ಯಾರೂ ಹುಬ್ಬೇರಿಸಲಿಲ್ಲ. ಇಷ್ಟು ವರ್ಷ ನಾವು ಸಹಿಸಿಕೊಂಡು, ಊರಿಗೆಲ್ಲ ಸಮಜಾಯಿಷಿ ಕೊಟ್ಟು, ಜೋಪಾನ ಮಾಡಿಕೊಂಡು ಬಂದ ಹುಚ್ಚು ಅಲ್ಲಿ ಹುಚ್ಚೇ ಅಲ್ಲ! ಗುಂಪಿನಲ್ಲಿ ನಮ್ಮ ಅತ್ತೆ ಯಾರೆಂದು ನಾನೇ ಹುಡುಕಬೇಕಾಯಿತು. ನಾವು ಅನುಭವಿಸಿದ್ದಕ್ಕೆ ಬೆಲೆ ಬೇಡವೇ?

ಆ ರಾತ್ರಿ ಊಟ ಮುಗಿಸಿ ಬಂದವಳೇ ಮಾರ್ಗರೆಟ್ಟರ ವರಾಂಡದಲ್ಲಿ ನನ್ನ ವಕಾಲತ್ತು ಶುರು ಮಾಡಿದೆ.

"ಇಲ್ಲಿ ಚಳಿಗಾಲದಲ್ಲಿ ಮೂಳೆ ಸೆಟೆದುಕೊಳ್ಳುತ್ತೆ ಅತ್ತೆ."

"ಸ್ವೆಟರ್ ಇದೆ."

"ಕರಿಬೇವು ಸಿಗಲ್ಲ."

"ನೀನು ಕಳಿಸು."

"ರಾಬಿನ್ಸ್‌ವಿಲ್‌ನಲ್ಲಿ ನಮ್ಮ ಪಕ್ಕದಲ್ಲೇ ಅಷ್ಟು ದೊಡ್ಡ ದೇವಸ್ಥಾನ ಇದೆ, ಇಲ್ಲೇನಿದೆ?"

"ದೇವರಿಗೆ ಇಷ್ಟು ದೂರ ಬರೋಕಾಗಲ್ವಾ?"

"ಹಾಗಾದ್ರೆ ನಾವು? ನಾವು ಏನೂ ಅಲ್ವಾ ನಿಮಗೆ? ನಿಮ್ಮ ಮೇಲೆ ಬಂದ ದೂರೆಲ್ಲ ಕೇಳಿಸ್ಕೊಂಡಿದ್ದು ಯಾರು?"

ಅತ್ತೆ ಎಂದಿನ ದನಿಯಲ್ಲೇ ಹೇಳಿದರು. "ನಿಮ್ಮ ಮಾವ, ನಮ್ಮನೆಯವರು ತೀರಿಕೊಂಡ ದಿನ, ನೀನಿನ್ನೂ ಬಂದು ತಲುಪಿರ್ಲಿಲ್ಲ, ಪಕ್ಕದ ಮನೆಯವನು ಬಾಗಿಲು ತಟ್ಟಿದ. ಏನೋ ಕೇಳೋಕೆ ಬಂದ ಅಂದ್ಕೊಂಡು ತೆಗೆದೆ. ಆಂಬುಲೆನ್ಸ್ ಅಡ್ಡ ನಿಂತಿದೆ, ಕಾರ್ ತೆಗೆಯೋಕಾಗ್ತಿಲ್ಲ, ಆಫೀಸಿಗೆ ಲೇಟಾಗತ್ತೆ ಅಂದ. ಅವನು ನಮ್ಮನೆ ಬಾಗಿಲು ತಟ್ಟಿದ್ದು ಅದೊಂದೇ ಸಲ. ಕೆಟ್ಟವನಲ್ಲ ಪಾಪ, ಅವನ ಅರ್ಜೆಂಟು ಅವನಿಗೆ. ಆದ್ರೆ ಇಲ್ಲಿ ನಾನು ಒಂದು ಬೆಳಗ್ಗೆ ಏಳಲಿಲ್ಲ ಅನ್ಕೋ, ಕಾಫಿ ಹೊತ್ತಿಗೆ ಯಾರಿಗಾದ್ರೂ ಗೊತ್ತಾಗಿರುತ್ತೆ."

"ನಂಗೆ?" ಎಂದೆ.

"ನಿಂಗೆ ಫೋನ್ ಮಾಡ್ತಾರೆ ಕಣೆ. ನಿಮ್ಮ ಕಡೆ ಎಲ್ಲಾ ಫೋನ್ ಮಾಡಿದ್ರೇ ಅಲ್ವಾ ನಡೆಯೋದು."

ಅಂಥ ಹೊತ್ತಿನಲ್ಲೂ ಕುಟುಕುವುದನ್ನು ಬಿಡಲಿಲ್ಲ. ನನ್ನ ವಕಾಲತ್ತು ಅಲ್ಲಿಗೆ ಬಿದ್ದುಹೋಯಿತು.

ಮಾರನೆಯ ದಿನ ಅವರು ಆ ಮನೆಯನ್ನು ಒಪ್ಪಿಕೊಂಡರು. ನಾಲ್ಕು ಹಪ್ಪಳ ಒಣಗಿಸಲೂ ಜಾಗ ಸಾಲದ ಪುಟ್ಟ ಜಗಲಿಯ ಮನೆ. ಕಾಗದಪತ್ರ ಮುಗಿಯುವವರೆಗೆ ಮಾರ್ಗರೆಟ್ಟರ ಮನೆಯಲ್ಲೇ ಇರುತ್ತೇನೆಂದರು. ನನ್ನ ಫ್ಲೈಟಿಗೆ ಹೊತ್ತಾಗುತ್ತಿತ್ತು. ಪೆಟ್ಟಿಗೆಯನ್ನು ಕಾರಿಗೆ ಹಾಕಿದವಳು ಹೊರಡುವ ಬದಲು ನೇರವಾಗಿ ರಸ್ತೆ ದಾಟಿ ಡ್ವೇನನ ಮನೆ ಬಾಗಿಲು ತಟ್ಟಿದೆ. ಹಿಂದೆಯೇ ಅತ್ತೆಯೂ ಬಂದರು, ನಾನು ಜಗಳವಾಡುತ್ತೇನೆಂಬ ಭಯಕ್ಕೆ.

ನಮ್ಮ ಕಡೆ ಮದುವೆಯ ಕೊನೆಗೆ ಹೆಣ್ಣು ಒಪ್ಪಿಸಿಕೊಡುವ ಶಾಸ್ತ್ರವಿದೆ. ತಾಯಿ ತಂದೆ ಮಗಳ ಕೈಯನ್ನು ಬೀಗರ ಕೈಯಲ್ಲಿಟ್ಟು ಹಾಲೆರೆದು, ತಪ್ಪೊಪ್ಪು ಹೊಟ್ಟೆಗೆ ಹಾಕಿಕೊಂಡು ಕಾಪಾಡಿ ಎನ್ನುತ್ತಾರೆ. ಎಂಥ ಕಲ್ಲು ಮನಸ್ಸಿನವರೂ ಅಳುವ ಶಾಸ್ತ್ರ ಅದು. ನೆಬ್ರಾಸ್ಕಾದ ಒಂದು ಹೊಸ್ತಿಲಲ್ಲಿ ನಿಂತು, ಅಪ್ಪನ ತಂಗಿಯ ಸುಕ್ಕುಗಟ್ಟಿದ ಕೈಯನ್ನು ಹಿಡಿದು, ಟ್ರ್ಯಾಕ್ಟರ್ ಎಣ್ಣೆ ಮೆತ್ತಿದ ಒಬ್ಬ ರೈತನ ಕೈಯಲ್ಲಿ ನಾನು ಅದನ್ನು ಇಡುತ್ತೇನೆಂದು ನಾನೇ ಅಂದುಕೊಂಡಿರಲಿಲ್ಲ. ಇಟ್ಟೆ.

"ನೋಡಿ, ಇವರಿಗೆ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ, ಒಪ್ಪಿಕೊಳ್ಳುವುದಿಲ್ಲ. ಬಲಗಡೆ ನಿಂತು ಮಾತಾಡಿ. ಊಟ ಆಯಿತಾ ಎಂದರೆ ಆಯಿತು ಎನ್ನುತ್ತಾರೆ, ಆಗಿರುವುದಿಲ್ಲ. ಐಸ್ ಬಿದ್ದ ದಿನ ಹೊರಗೆ ಬಿಡಬೇಡಿ. ಮಾತು ಜಾಸ್ತಿ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ" ಎಂದು ಅವನನ್ನು ಗದರಿಸುವ ದನಿಯಲ್ಲೇ ಹೇಳುತ್ತಾ ಹೋದೆ. ಅತ್ತೆ ತಲೆ ತಗ್ಗಿಸಿಕೊಂಡು ನಿಂತಿದ್ದರು.

ಡ್ವೇನ್ ಇನ್ನೊಂದು ಕೈಯಿಂದ ಟೋಪಿ ತೆಗೆದ. ಶಾಸ್ತ್ರ ಗೊತ್ತಿದ್ದವನಂತೆ ನನ್ನ ಮಾತು ಮುಗಿಯುವವರೆಗೂ ಕಾದ. "ನಾವು ನೋಡಿಕೊಳ್ಳುತ್ತೇವೆ" ಎಂದ. ಆಮೇಲೆ, ಆ ಊರಿನವರ ಕೆಟ್ಟ ಅಭ್ಯಾಸವೇ ಅದಲ್ಲವೇ, ನನ್ನನ್ನೂ ವಿಚಾರಿಸಿದ.

"ಅಲ್ಲಿ ನಿಮ್ಮನ್ನು ನೋಡಿಕೊಳ್ಳಲು ಯಾರಿದ್ದಾರೆ?"

"ಇವರಿದ್ದರು" ಎಂದೆ.