ಲೊರೀನಾ ಟೀಚರ್ ಸೊಂಟಕ್ಕೆ ಕಳೆದ ಅಂಕ

ಓಹಾಯೊದ ಡನ್ಮೋರ್ ಕ್ರೀಕ್ ಊರಿನ ಹಳೆಯ ಕಾರುಗಳ ಸಂಘದ ನಿಯಮಾವಳಿಯಂತೆ, ಕಾರ್ಖಾನೆಯಿಂದ ಹೊರಬಿದ್ದ ದಿನದ ಭಾಗಗಳನ್ನೇ ಇಂದಿಗೂ ಹೊಂದಿರುವ ಕಾರೇ ಶ್ರೇಷ್ಠ ಕಾರು. ಬದಲಾಯಿಸಿದ ಪ್ರತಿ ಭಾಗಕ್ಕೂ ಐದು ಅಂಕ ಕಡಿತ. ಸವೆಯುವ ಟೈರು, ಬೆಲ್ಟುಗಳಿಗೆ ವಿನಾಯಿತಿ ಉಂಟು. ಗೆದ್ದ ಕಾರು ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆಯ ಮುಂಚೂಣಿಯಲ್ಲಿ ಸಾಗತಕ್ಕದ್ದು. 1997ರಲ್ಲಿ ಎರಡು ಕಾರುಗಳಿಗೆ ಸಮ ಅಂಕ ಬಂದು ಗಲಾಟೆಯಾದ ಕಾರಣ, ಮಾಲೀಕರನ್ನೂ ಕಾರಿನ ಭಾಗವೆಂದೇ ಪರಿಗಣಿಸತಕ್ಕದ್ದು ಎಂಬ ತಿದ್ದುಪಡಿ ತಂದೆವು. ನಾನು ಸಂಘದ ಕಾರ್ಯದರ್ಶಿ. ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಮರುವರ್ಷ ಕಣದಲ್ಲಿ ಉಳಿದದ್ದು ಎರಡೇ ಕಾರು. ಒಂದು, ವೆಂಡೆಲ್ ಹೋಗ್ ಅವರ 1938ರ ಬ್ಯೂಯಿಕ್. ಅದು ಪ್ಲಾಸ್ಟಿಕ್ ಹೊದ್ದು ಲಾರಿಯ ಮೇಲೆ ಬಂತು. ಅರವತ್ತು ವರ್ಷದಿಂದ ಅದರ ಒಂದು ಸ್ಕ್ರೂ ಕೂಡ ಬದಲಾಗಿಲ್ಲ, ಆದ್ದರಿಂದ ಅದು ಸ್ಟಾರ್ಟ್ ಆಗುವುದಿಲ್ಲ. ಇನ್ನೊಂದು, ಎಪ್ಪತ್ತೊಂದು ವರ್ಷದ ಲೊರೀನಾ ಸ್ಟಟ್ಜ್‌ಮನ್ ಅವರ ಹಸಿರು ಪ್ಯಾಕಾರ್ಡ್. 1949ರಲ್ಲಿ, ಮದುವೆಯಾದ ವಾರವೇ, ಗಂಡ ಎಮಿಲ್ ಜೊತೆ ಹೋಗಿ ತಂದದ್ದು. ಒಮ್ಮೆಯಾದರೂ ಮೆರವಣಿಗೆಯ ಮುಂದೆ ಅದನ್ನು ಓಡಿಸಬೇಕೆಂಬ ಆಸೆ ಇಬ್ಬರಿಗೂ ಇತ್ತು. ಎಮಿಲ್ ಆಸೆ ತೀರದೆಯೇ ಹೋದರು.

ತೀರ್ಪುಗಾರ ಡೆಲ್ಬರ್ಟ್ ಕ್ರಾಸ್ ಎರಡನೇ ತರಗತಿಯಲ್ಲಿ ಲೊರೀನಾ ಅವರ ಶಿಷ್ಯ. ಪ್ಯಾಕಾರ್ಡಿನಲ್ಲಿ ಒಂದೂ ತಪ್ಪು ಸಿಗದೆ, ಟಾರ್ಚ್ ಹಿಡಿದು ಮಾಲೀಕರ ತಪಾಸಣೆಗೆ ಬಂದ.

"ಟೀಚರ್, ಸ್ವಲ್ಪ ಬಾಯಿ ತೆಗೀರಿ."

ತೆಗೆದರು.

"ಹಲ್ಲು ಸೆಟ್ಟಾ?"

"ಮೇಲಿಂದು ಮಾತ್ರ."

"ಐದು ಹೋಯ್ತು."

"ಟೈರಿಗೆ ವಿನಾಯಿತಿ ಇದೆಯಲ್ಲೋ. ಹಲ್ಲೂ ಸವೆಯೋದೇ ತಾನೆ?"

"ನಿಯಮದಲ್ಲಿ ಹಲ್ಲು ಅಂತ ಬರೆದಿಲ್ಲ ಟೀಚರ್. ಸೊಂಟ?"

"ಬಲಗಡೇದು ಸ್ಟೀಲು. ಆಪರೇಷನ್ ಆಗಿ ಏಳು ವರ್ಷ."

"ಹಳೇದು ಇಟ್ಕೊಂಡಿದೀರಾ? ತೋರಿಸಿದ್ರೆ ಎರಡು ಅಂಕ ವಾಪಸ್ ಕೊಡಬಹುದು."

"ಡಾಕ್ಟರು ಬಿಸಾಕಿದ್ರು ಕಣೋ."

ಡೆಲ್ಬರ್ಟ್ ವಿಷಾದದಿಂದ ಬರೆದುಕೊಂಡ.

"ಕಳೆಯೋ ಲೆಕ್ಕ ನಿಂಗೆ ಕಲಿಸಿದ್ದು ನಾನೇ," ಎಂದರು ಲೊರೀನಾ. "ಆಗ ಬರ್ತಿರಲಿಲ್ಲ."

ವೆಂಡೆಲ್ ಅವರನ್ನು ಅಂಗಿ ಬಿಚ್ಚಿಸಿ ನೋಡಲಾಯಿತು. ಎಲ್ಲ ಭಾಗಗಳೂ ಮೂಲದವೇ, ಕೆಲವು ಬಳಕೆಯೇ ಆಗದವು ಎಂದು ವರದಿ ಬಂತು. ಅವರೇ ಗೆದ್ದರು.

ಜುಲೈ ನಾಲ್ಕರಂದು ಬ್ಯೂಯಿಕ್ ಕದಲಲಿಲ್ಲ. ರಿಪೇರಿ ಮಾಡಿಸಿದರೆ ಅಂಕ ಹೋಗುತ್ತದೆ. ಲಾರಿಯ ಮೇಲೇರಿಸಿದರೆ ಗೆದ್ದದ್ದು ಲಾರಿ ಎಂದಾಗುತ್ತದೆ. ಎಳೆಯಲು ಪ್ಯಾಕಾರ್ಡನ್ನು ಕರೆದೆವು. ಹಗ್ಗ ಕಟ್ಟಿದ ಮೇಲೆ ತೊಡಕು ಕಂಡಿತು: ಎಳೆಯುವ ಕಾರು ಮುಂದೆ ಇರುತ್ತದೆ. ರಸ್ತೆ ಬದಿಯಲ್ಲೇ ತುರ್ತು ಸಭೆ ಸೇರಿ, ಹನ್ನೆರಡು ನಿಮಿಷದಲ್ಲಿ ನಿರ್ಣಯ ಮಾಡಿ, ಮೈಕಿನಲ್ಲಿ ನಾನೇ ಓದಿದೆ:

"ಸಾರ್ವಜನಿಕರ ಗಮನಕ್ಕೆ. ಬ್ಯೂಯಿಕ್‌ಗಿಂತ ಮುಂದೆ ಕಂಡುಬರುವ ಯಾವುದೇ ವಾಹನವನ್ನು ಹಿಂದಿನದೆಂದು ತಿಳಿಯತಕ್ಕದ್ದು."

ಜನ ಹಾಗೆಯೇ ತಿಳಿದರು. ಕೆಲವರು ಕುರ್ಚಿಗಳನ್ನೂ ತಿರುಗಿಸಿಕೊಂಡರು.

ಲೊರೀನಾ ಟೋಪಿ ಇಟ್ಟುಕೊಂಡು, ಕಿಟಕಿ ಇಳಿಸಿ, ಎರಡೂ ಬದಿಗೆ ಕೈಬೀಸುತ್ತ ಹೊರಟರು. ಪಕ್ಕದ ಸೀಟಿನಲ್ಲಿ ಎಮಿಲ್ ಅವರ ಕೋಟು ಇತ್ತು.

"ನಿಧಾನ ಟೀಚರ್, ಪ್ಲಾಸ್ಟಿಕ್ ಹಾರಿಹೋಗ್ತಿದೆ," ಎಂದು ವೆಂಡೆಲ್ ಕೂಗಿದರು.

"ಹಿಂದಿರೋಳಿಗೆ ಯಾಕಪ್ಪಾ ಹೇಳ್ತೀಯ?" ಎಂದು ಲೊರೀನಾ ಇನ್ನಷ್ಟು ಜೋರಾಗಿ ಓಡಿಸಿದರು.

ಶ್ರೀಮತಿ ಸ್ಟಟ್ಜ್‌ಮನ್ ಎಲ್ಲರಿಗಿಂತ ಕೊನೆಯವರಾಗಿ, ಮೊದಲು ಬಂದು ತಲುಪಿದರೆಂದು ನಡಾವಳಿ ಪುಸ್ತಕದಲ್ಲಿ ಬರೆದಿದ್ದೇನೆ. ಮುಂದಿನ ಸಭೆಯಲ್ಲಿ ಓದಿ ಹೇಳಿದಾಗ ಯಾರೂ ತಕರಾರು ಎತ್ತಲಿಲ್ಲ.